ಹಳೆ ನೀರು ಚೆಲ್ಲಿಸಿದ ಸಾಹೇಬರು

ಮೊನ್ನೆ ಕೊಟ್ಟೂರಿಗೆ ಮಣ್ಣಿಗೆ ಹೋಗಿದ್ದೆ. ನಾನು ನರ್ಸ್ ಕೆಲಸಕ್ಕೆ ಸೇರಿದ ದಿನದಿಂದ ಹನ್ನೊಂದು ವರ್ಷ ಜೊತೆಯಲ್ಲಿ ದುಡಿದ ಹಿರಿಯ ಆರೋಗ್ಯ ಸಹಾಯಕರೊಬ್ಬರು ತೀರಿಕೊಂಡಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಊರು ಯಾವುದೆಂದು ತಿಳಿಯುತ್ತದೆ, ಊರು ತಿಳಿದರೆ ಅಲ್ಲಿ ಸತ್ತವರ ಮನೆಯವರಿಗೆ ಮತ್ತೆ ನೋವು. ಹಳ್ಳಿಗಳಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಮಲೇರಿಯಾ ಹೆಚ್ಚುಕಡಿಮೆ ಹೋಗಿ ಎಷ್ಟೋ ಕಾಲವಾದರೂ ಹಳೆಯ ತಲೆಗಳಿಗೆ ಅವರು ಮಲೇರಿಯಾ ಸಾಹೇಬರೇ. ನನಗೆ ಬರೀ ಸರ್.

ಮಣ್ಣಿಗೆ ಬಂದ ಜನರಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್. ಅವನನ್ನು ಕಂಡು ನನಗೆ ಆಶ್ಚರ್ಯವಾಯಿತು. ಯಾಕೆಂದರೆ ಸರ್ ಅವರ ಬೈಕನ್ನು ನಾವೆಲ್ಲ ಎಷ್ಟು ಗೇಲಿ ಮಾಡುತ್ತಿದ್ದೆವೆಂದರೆ, ಅದರಲ್ಲಿ ಅರ್ಧ ಗೇಲಿ ಈ ಮೆಕ್ಯಾನಿಕ್ಕಿಗೂ ಸೇರುತ್ತಿತ್ತು. ಒಂದು ವರ್ಷ ಅರ್ಧಕ್ಕರ್ಧ ದಿನ ಆ ಬೈಕು ಅವನ ಗ್ಯಾರೇಜಿನ ಮುಂದೆಯೇ ನಿಂತಿರುತ್ತಿತ್ತು. ಗುಜರಿಗೆ ಹಾಕಿ ಸರ್ ಎಂದರೆ, ಅದಿನ್ನೂ ಗಟ್ಟಿ ಐತಿ ತಂಗಿ ಎಂದು ನಗುತ್ತಿದ್ದರು.

"ಅವರ ಗಾಡಿ ಏನೂ ಕೆಟ್ಟಿರಲಿಲ್ರಿ ಸಿಸ್ಟರ್," ಎಂದ ಮೆಕ್ಯಾನಿಕ್, ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಕೆಟ್ಟಿದ್ದು ನನ್ನ ಎದಿ. ಟಿ.ಬಿ. ಇತ್ತು ನನಗ. ಮನ್ಯಾಗ ತಂಗೀ ನಿಕಾ ಗೊತ್ತಾಗಿತ್ತು. ಮನಿಗೆ ಆಶಾದವರು ಮಾತ್ರಿ ತಂದ್ರ ಓಣಿಗೆಲ್ಲ ತಿಳೀತೈತಿ, ನಾ ಔಷಧಾನ ಒಲ್ಲೆ ಅಂದೆ. ಅವ್ರು ಏನಂದ್ರು ಗೊತ್ತೇನ್ರಿ? ಹಂಗಾರ ನಾಳಿಂದ ನನ್ನ ಗಾಡಿ ಕೆಡ್ತೈತಿ ತಗೋ, ಅಂದ್ರು."

ಆರು ತಿಂಗಳು ಅವರ ಗಾಡಿ ಕೆಟ್ಟಿತು. ಮುಂಜಾನೆ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಇವನು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸುವವರೆಗೆ ಅವರು ಏಳುತ್ತಿರಲಿಲ್ಲ. ಕೆಮ್ಮು ನಿಂತ ಎರಡನೇ ತಿಂಗಳಿಗೆ, ಆರಾಮಾಗೈತಿ ಸಾಕು ಎಂದು ಇವನು ಕೈಬಿಡಲು ಹೋದಾಗ ಮಾತ್ರ ಗದರಿದ್ದರಂತೆ. ಕೆಮ್ಮು ಹೋದ ಮೇಲೂ ರೋಗ ಒಳಗಿರುತ್ತದೆ, ನಡುವೆ ಬಿಟ್ಟರೆ ಮುಂದೆ ಅದೇ ಮಾತ್ರೆಗೆ ಬಗ್ಗುವುದಿಲ್ಲ ಎಂದು. ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೇರೆ ಬೇರೆ ನೆವ ಹೇಳಿ ಆಸ್ಪತ್ರೆಗೆ ಕರೆಸಿ ಪರೀಕ್ಷೆ ಮಾಡಿಸಿದ್ದರಂತೆ. ಇಷ್ಟೆಲ್ಲ ನಡೆದದ್ದು ಹನ್ನೊಂದು ವರ್ಷ ಜೊತೆಗಿದ್ದ ನನಗೆ ಗೊತ್ತಾದದ್ದು ಅವರ ಹೆಣದ ಮುಂದೆ.

ನೋಡಲು ಅವರು ಸಾಹೇಬರ ಹಾಗಿರಲಿಲ್ಲ. ತೆಳ್ಳಗೆ, ಸ್ವಲ್ಪ ಬಾಗಿದ ಮೈ. ಹೆಗಲಿಗೆ ಒಂದು ರೆಕ್ಸಿನ್ ಚೀಲ. ಅದರಲ್ಲಿ ಬ್ಯಾಟರಿ, ಅಂಚು ಸವೆದ ಬಿಳಿ ತಟ್ಟೆ, ನಾಲ್ಕು ಮಡಿಕೆ ಮಾಡಿದ ಹಳೆ ಪಂಚೆಯ ತುಂಡು. ಊರಿನ ಮಂದಿ ಮುಖ ನೋಡಿ ಮಾತಾಡಿದರೆ ಇವರು ನೀರಿನ ತೊಟ್ಟಿ ನೋಡಿ ಮಾತಾಡುತ್ತಿದ್ದರು. ಮದುವೆಗೆ ಕರೆದರೂ ಮೊದಲು ಹಿತ್ತಲಿಗೆ ಹೋಗಿ ಡ್ರಮ್ಮಿನಲ್ಲಿ ಬ್ಯಾಟರಿ ಬಿಟ್ಟು ನೋಡಿ ಬಂದು ಆಮೇಲೆ ಅಕ್ಷತೆ ಹಾಕುವ ಮನುಷ್ಯ. ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ, "ನನ್ನ ನೋಡಾಕ ಬಂದಾಗೂ ನಮ್ಮ ಮನಿ ತೊಟ್ಟಿ ನೋಡಿ ಹೋಗಿದ್ರವ್ವ, ನನ್ನ ನೋಡಿದ್ರೋ ಇಲ್ಲೋ ಇನ್ನೂ ಅನುಮಾನ," ಎಂದಿದ್ದರು.

ಸೊಳ್ಳೆ ಹುಳ ಸಿಕ್ಕ ನೀರನ್ನು ಚೆಲ್ಲಿಸಬೇಕು ಎನ್ನುವುದು ನಮ್ಮ ಇಲಾಖೆಯ ಪಾಠ. ಪಾಠವೇನೋ ಸರಿ. ಆದರೆ ನಾನು ಹೇಳುವ ಊರಿಗೆ ಹೊಳೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಆ ದಿನ ಹೆಂಗಸರು ಹೊಲದ ಕೂಲಿ ಬಿಟ್ಟು ನಳದ ಮುಂದೆ ನಿಂತು ಡ್ರಮ್ಮು, ತೊಟ್ಟಿ, ಹಂಡೆ, ಕೊಡ, ಕೊನೆಗೆ ಮಕ್ಕಳ ನೀರಿನ ಬಾಟಲಿಯನ್ನೂ ತುಂಬಿಸಿಡುತ್ತಾರೆ. ಹಾಗೆ ತುಂಬಿಸಿದ ಡ್ರಮ್ಮನ್ನು ಒದ್ದು ಉರುಳಿಸಿದ ಸಿಬ್ಬಂದಿಗೆ ಮುಂದಿನ ವಾರ ಯಾರೂ ಬಾಗಿಲು ತೆರೆಯುವುದಿಲ್ಲ. ಸರ್ ಉರುಳಿಸುತ್ತಿರಲಿಲ್ಲ. ತಮ್ಮ ಪಂಚೆಯ ತುಂಡನ್ನು ಇನ್ನೊಂದು ಪಾತ್ರೆಯ ಬಾಯಿಗೆ ಕಟ್ಟಿ ನೀರನ್ನೆಲ್ಲ ಸೋಸುತ್ತಿದ್ದರು. ಖಾಲಿಯಾದ ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿಸುತ್ತಿದ್ದರು. ಡೆಂಗ್ಯೂ ಸೊಳ್ಳೆಯ ಮೊಟ್ಟೆ ನೀರಿನಲ್ಲಿ ತೇಲುವುದಿಲ್ಲ, ಗೋಡೆಗೆ ಅಂಟಿಕೊಂಡಿರುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಆಮೇಲೆ ಸೋಸಿದ ನೀರನ್ನು ತಿರುಗಿ ಹೊಯ್ದು ಬಾಯಿಗೆ ಬಟ್ಟೆ ಕಟ್ಟುವುದು. ಒಂದು ಮನೆಗೆ ಅರ್ಧ ಗಂಟೆ. ಉಳಿದ ಸಿಬ್ಬಂದಿ ಒಂದು ಊರು ಮುಗಿಸುವಷ್ಟರಲ್ಲಿ ಇವರು ಒಂದು ಓಣಿ ಮುಗಿಸುತ್ತಿದ್ದರು, ಮೀಟಿಂಗಿನಲ್ಲಿ ಬೈಸಿಕೊಳ್ಳುತ್ತಿದ್ದರು.

ಬಟ್ಟೆಯಲ್ಲಿ ಉಳಿದ ಹುಳಗಳನ್ನು ಬಿಳಿ ತಟ್ಟೆಗೆ ಹಾಕಿ ಮನೆಯೊಡತಿಗೆ ತೋರಿಸುತ್ತಿದ್ದರು. "ನೋಡವ್ವ, ಇವ್ರೇ ನಿನ್ನ ಮಗಳಿಗೆ ಡೆಂಗ್ಯೂ ತರೋರು. ನಿಮ್ಮ ಮನ್ಯಾಗ ಹುಟ್ಟಿ, ನಿಮ್ಮ ಮನ್ಯಾಗ ಬೆಳದು, ಹಗಲೊತ್ತಿನ್ಯಾಗ ನಿಮ್ಮನ್ನ ಕಡೀತಾರ."

ಅವರಿಗೆ ಒಂದು ಚಟವಿತ್ತು. ಯಾವ ಮಾತನ್ನೂ ಎರಡು ಪಟ್ಟು ಮಾಡಿ ಹೇಳುತ್ತಿದ್ದರು. ವಾರಕ್ಕೊಮ್ಮೆ ಡ್ರಮ್ಮು ತಿಕ್ಕಿದರೆ ಸಾಕು, ಇವರು ಎರಡು ಸಲ ಎನ್ನುತ್ತಿದ್ದರು. ನೀರು ಒಂದು ಕುದಿ ಚೆನ್ನಾಗಿ ಬಂದರೆ ಸಾಕು, ಇವರು ಹತ್ತು ಕುದಿ ಬರಲಿ ಎನ್ನುತ್ತಿದ್ದರು. ಭೇದಿಯಾದವರಿಗೆ ಪ್ರತಿ ಸಲ ಹೊರಗೆ ಹೋಗಿ ಬಂದ ಮೇಲೆ ಒಂದು ಲೋಟ ಓಆರ್‌ಎಸ್ ಎಂದು ನಾನು ಹೇಳಿದರೆ ಪಕ್ಕದಿಂದ, "ಎರಡು," ಎನ್ನುತ್ತಿದ್ದರು. ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಹರಪನಹಳ್ಳಿಯಿಂದ ಬಂದ ಇಪ್ಪತ್ತಮೂರರ ಹುಡುಗಿ ನಾನು, ಪುಸ್ತಕದಲ್ಲಿದ್ದದ್ದು ಬಿಟ್ಟು ಬೇರೆ ಗೊತ್ತಿರಲಿಲ್ಲ.

"ಸುಳ್ಳು ಹೇಳ್ದಂಗಲ್ವಾ ಸರ್?" ಎಂದು ಕೇಳಿಯೂ ಬಿಟ್ಟೆ.

"ಸುಳ್ಳಲ್ಲ ತಂಗಿ, ಚೌಕಾಸಿ," ಎಂದರು. "ಜನ ಅರ್ಧ ಮಾಡ್ತಾರ. ನಾವು ಹೇಳಿದ್ರಾಗ ಅರ್ಧ ಅವರದು, ಅರ್ಧ ನಮ್ಮದು. ಎರಡು ಪಟ್ಟು ಹೇಳಿದ್ರ ಬರೋಬ್ಬರಿ ಕೂಡ್ತೈತಿ."

ಮಾತ್ರೆಯ ವಿಷಯದಲ್ಲಿ ಮಾತ್ರ ಚೌಕಾಸಿ ಇರಲಿಲ್ಲ. ಎಷ್ಟು ಬರೆದಿದೆಯೋ ಅಷ್ಟು. ಜ್ವರ ಬಂದವರು ಸೂಜಿ ಮಾಡ್ರಿ ಎಂದು ಹಟ ಹಿಡಿದರೆ, "ಈ ಜ್ವರಕ್ಕ ಸೂಜಿ ಇಲ್ಲಪ್ಪ, ನೀರು ಐತಿ. ಗಂಜಿ ಕುಡಿ, ಮಜ್ಜಿಗಿ ಕುಡಿ, ಜ್ವರದ ಮಾತ್ರಿ ಒಂದು ತಗೋ, ಮಲಕ್ಕೋ. ಮೈಕೈ ನೋವಿಗೆ ಅಂತ ಅಂಗಡಿ ಗುಳಿಗಿ ನುಂಗಬ್ಯಾಡ. ಹಲ್ಲಿನ ವಸಡಿನ್ಯಾಗ ರಕ್ತ ಬಂದ್ರ, ಹೊಟ್ಟಿ ಕಿವುಚಿದ್ರ, ಕೈಕಾಲು ತಣ್ಣಗಾದ್ರ ಒಂದು ಗಳಿಗಿ ನಿಲ್ಲಬ್ಯಾಡ, ದೊಡ್ಡಾಸ್ಪತ್ರಿಗೆ ಹೋಗು," ಎನ್ನುವುದು ಅವರ ಬಾಯಿಪಾಠ. ಈ ಮಾತುಗಳನ್ನು ಆ ಊರಿನ ಮಕ್ಕಳೂ ಅವರ ಧಾಟಿಯಲ್ಲಿ ಹೇಳಿ ಅಣಕಿಸುತ್ತಿದ್ದವು.

ಆ ಊರಲ್ಲಿ ಅವರಿಗೆ ಸರಿಸಾಟಿಯಾಗಿ ನಿಂತವಳು ಕೊಟ್ರವ್ವ ಎಂಬ ಮುದುಕಿ. ನಮ್ಮ ಕಡೆ ಓಣಿಗೊಬ್ಬ ಕೊಟ್ರವ್ವ ಇರುತ್ತಾಳೆ, ಆ ಹೆಸರಿನಿಂದ ಊರು ತಿಳಿಯುವುದಿಲ್ಲ. ಮೊದಲ ಸಲ ಸರ್ ಅವಳ ತೊಟ್ಟಿಗೆ ಕೈ ಹಾಕಿದಾಗ ಕಸಬರಿಗೆ ತಗೊಂಡು ಅಟ್ಟಿಸಿಕೊಂಡು ಬಂದಿದ್ದಳಂತೆ. ಆಮೇಲೆ ಅವರು ನೀರು ಸೋಸಿ, ಒಂದು ಬೊಗಸೆಯೂ ಚೆಲ್ಲದೆ ತಿರುಗಿ ಹೊಯ್ದದ್ದನ್ನು ಕಂಡು, "ಎಲಾ ಇವನ, ನಮ್ಮ ನೀರಿನ ಬೆಲೆ ಗೊತ್ತಿದ್ದ ಸಾಹೇಬ ಅದಾನ," ಎಂದು ಚಹಾ ಕೊಟ್ಟಳು. ಅಲ್ಲಿಂದ ಅವಳೇ ಓಣಿಯ ಇನ್ಸ್‌ಪೆಕ್ಟರು. ಯಾರ ಡ್ರಮ್ಮಿಗೆ ಬಟ್ಟೆ ಕಟ್ಟಿಲ್ಲ ಎನ್ನುವ ವರದಿ ನಮಗಿಂತ ಮೊದಲು ಅವಳ ಹತ್ತಿರ ಇರುತ್ತಿತ್ತು. ನನ್ನನ್ನು ನರ್ಸವ್ವ ಎನ್ನುತ್ತಿದ್ದಳು.

ಕೊರೊನಾ ಮುಗಿದ ಮರುವರ್ಷ ಮುಂಗಾರು ಬಿದ್ದ ಮೇಲೆ ಆ ಊರಿಗೆ ಡೆಂಗ್ಯೂ ಬಂತು. ಮನೆಗೊಬ್ಬರಂತೆ ಮಲಗತೊಡಗಿದರು. ಹೈಸ್ಕೂಲಿನ ಒಬ್ಬ ಹುಡುಗಿಯನ್ನು ಪ್ಲೇಟ್‌ಲೆಟ್ ಇಳಿದು ದಾವಣಗೆರೆಗೆ ಸಾಗಿಸಿದರು, ಅವಳು ಬದುಕಿದ್ದೇ ಹೆಚ್ಚು. ನಾವು ಸರ್ವೆಗೆ ಹೋದರೆ ಮನೆಮನೆಯಲ್ಲೂ ಹುಳ. ಸರ್ ಎಷ್ಟು ಮನೆ ಸೋಸಿಯಾರು? ಹದಿನೈದು ದಿನ ಸೋಸಿದರು. ಕೈಬೆರಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು. ಈ ಓಣಿ ಮುಗಿಸುವಷ್ಟರಲ್ಲಿ ಆ ಓಣಿಯಲ್ಲಿ ಮತ್ತೆ ಹುಳ.

ಅಷ್ಟರಲ್ಲಿ ಊರ ಹಿರಿಯರು ಕೂತು ಹೊರಬೀಡು ಮಾಡುವುದೆಂದು ತೀರ್ಮಾನಿಸಿದರು. ಹೊರಬೀಡು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಎರಡು ಮಾತು. ಊರಿಗೆ ಬೇನೆ ಬಂದಾಗ ಒಂದು ದಿನ ಊರಿಗೆ ಊರೇ ಖಾಲಿಯಾಗುತ್ತದೆ. ಸೂರ್ಯ ಹುಟ್ಟುವ ಮೊದಲೇ ಮಂದಿ, ಮಕ್ಕಳು, ದನ, ಕುರಿ, ಕೋಳಿ ಎಲ್ಲ ಹೊರಗೆ. ಬಾಗಿಲಿಗೆ ಬೀಗ, ಊರ ದಾರಿಗೆ ಮುಳ್ಳಿನ ಬೇಲಿ. ಆ ದಿನ ಊರೊಳಗೆ ಒಲೆಯ ಹೊಗೆ ಏಳಬಾರದು, ನರಪಿಳ್ಳೆ ಇರಬಾರದು. ಊರಮ್ಮ ಒಬ್ಬಳೇ ಬೀದಿ ಬೀದಿ ತಿರುಗಿ ಬೇನೆಯನ್ನು ಓಡಿಸುತ್ತಾಳೆ ಎಂದು ನಂಬಿಕೆ. ಜನ ಹಳ್ಳದ ದಂಡೆಯಲ್ಲೋ ತೋಪಿನಲ್ಲೋ ಅಡುಗೆ ಮಾಡಿ ಉಂಡು ಸಂಜೆ ಪೂಜೆಯಾದ ಮೇಲೆ ಒಳಗೆ ಬರುತ್ತಾರೆ.

ನಮ್ಮ ಡಾಕ್ಟರು ಕೇಳಿದ ಕೂಡಲೇ, ಮೂಢನಂಬಿಕೆ, ನಿಲ್ಲಿಸಿ ಎಂದರು. ಸರ್ ಮಾತ್ರ ಊರ ಅಗಸಿ ಬಾಗಿಲಿನ ಕಟ್ಟೆಯ ಮೇಲೆ ಕೂತು ಸುಮ್ಮನೆ ನಗುತ್ತಿದ್ದರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನಕ್ಕಿದ್ದು.

"ತಂಗಿ, ನಾವು ಹೇಳಿದ್ರ ಯಾರೂ ಒಂದು ತಂಬಿಗಿ ಚೆಲ್ಲೋದಿಲ್ಲ. ಊರಮ್ಮ ಹೇಳಿದ್ರ?" ಎಂದರು.

ಅವರ ಲೆಕ್ಕ ಹೀಗಿತ್ತು. ಹೊರಬೀಡು ಮಂಗಳವಾರ. ಹೊಳೆ ನೀರು ಬಿಡುವುದು ಬುಧವಾರ. ಮಂಗಳವಾರ ನಸುಕಿಗೆ ಊರಿನ ಪ್ರತಿ ಮನೆಯ ಪ್ರತಿ ಪಾತ್ರೆ ಬರಿದಾಗಿ ಬೋರಲು ಬಿದ್ದರೆ, ಮರುದಿನ ಹೊಸ ನೀರು ಬರುವ ಹೊತ್ತಿಗೆ ಒಂದು ಹುಳವೂ ಇರುವುದಿಲ್ಲ. ಕೊಟ್ರವ್ವನನ್ನು ಕರೆದು ಹೇಳಿದರು. ಅವಳು ಪೂಜಾರಿಯನ್ನು ಒಪ್ಪಿಸಿದಳು. ಹಳೆ ನೀರಿನಲ್ಲಿ ಬೇನೆ ಕೂತಿದೆ, ಅದನ್ನು ಮನೆಯಲ್ಲಿಟ್ಟು ಹೋದರೆ ಊರಮ್ಮ ಹೊಸ್ತಿಲು ದಾಟುವುದಿಲ್ಲ ಎಂದು. ಪೂಜಾರಿಯೇನೂ ಕೆಟ್ಟವನಲ್ಲ, ಅವನೂ ಜ್ವರದಿಂದ ಮಲಗಿ ಎದ್ದಿದ್ದ. ಸೋಮವಾರ ಡಂಗುರ ಹೊಡೆಸಿದ. "ಹಳೆ ನೀರು ಒಂದು ಹನಿ ಮನ್ಯಾಗ ಉಳೀಬಾರದು, ಒಂದು ಹನಿ ಜೊತಿಗೆ ಬರಬಾರದು," ಎಂದು ಸಾರಿದರು. ಜೊತೆಗೆ ಬರಬಾರದು ಎಂಬ ಮಾತು ಸರ್ ಹೇಳಿಕೊಟ್ಟದ್ದಲ್ಲ. ಆದರೆ ಒಂದು ಕೊಡ ಕುಡಿಯುವ ನೀರು ಇರಲಿ ಎಂದೂ ಅವರು ಹೇಳಿಕೊಟ್ಟಿರಲಿಲ್ಲ. ಯಾರಾದರೂ ಬಿಸಿಲಲ್ಲಿ ದಿನವಿಡೀ ಹೊರಗಿರಲು ಹೋಗುವಾಗ ಕುಡಿಯಲು ನೀರು ಒಯ್ಯದೆ ಇರುತ್ತಾರೆಯೇ ಎಂದು ಅಂದುಕೊಂಡಿದ್ದರು.

ಮಂಗಳವಾರ ಮುಂಜಾನೆ ನಾನೂ ಸರ್ ಅವರೂ ಅಗಸಿಯ ಹತ್ತಿರ ನಿಂತಿದ್ದೆವು. ಬೀದಿಗಳೆಲ್ಲ ಒದ್ದೆ. ಎಲ್ಲ ಮನೆಗಳ ಅಂಗಳದಲ್ಲಿ ಡ್ರಮ್ಮುಗಳು ಬೋರಲು. ನನ್ನ ಕೈಯಲ್ಲಿ ಮನೆಗಳ ಪಟ್ಟಿ, ಒಂದೊಂದಕ್ಕೂ ಗುರುತು ಹಾಕುತ್ತಿದ್ದೆ. ನನ್ನ ನೌಕರಿಯಲ್ಲಿ ಒಂದು ಊರಿನ ಎಲ್ಲ ಮನೆಗಳಿಗೂ ಗುರುತು ಬಿದ್ದದ್ದು ಅದೊಂದೇ ಸಲ. ಹೆಂಗಸರು ಪಾತ್ರೆಪಡಗ, ಹಿಟ್ಟು, ಅಕ್ಕಿ ಹೊತ್ತು ಹೋಗುತ್ತಿದ್ದರು. ಕೊಟ್ರವ್ವ ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಬಂದಳು. ನನ್ನ ಮುಂದೆ ನಿಂತು ಆ ಕೊಡವನ್ನು ಬೋರಲು ಹಿಡಿದು ತೋರಿಸಿದಳು.

"ನೋಡು ನರ್ಸವ್ವ, ಒಂದು ಹನಿ ಇಲ್ಲ. ಬರಕೋ," ಎಂದಳು.

ನಾನು ನಕ್ಕೆ. ಬರೆದುಕೊಂಡೆ. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ನನ್ನ ತಲೆಗೆ ಬಂತು, ಇವರೆಲ್ಲ ಮಧ್ಯಾಹ್ನ ಏನು ಕುಡಿಯುತ್ತಾರೆ? ಬಂದದ್ದು ನಿಜ, ಈಗ ಸುಳ್ಳು ಹೇಳಿ ಫಲವಿಲ್ಲ. ಸರ್ ಹತ್ತು ಮಾರು ದೂರದಲ್ಲಿದ್ದರು. ಕರೆದು ಹೇಳಿದ್ದರೆ ಪಂಚಾಯ್ತಿಯಿಂದ ಒಂದು ಟ್ಯಾಂಕರ್ ತರಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ನಾನು ಹೇಳಲಿಲ್ಲ. ಹಿರಿಯರಿದ್ದಾರೆ, ಏನಾದರೂ ಮಾಡಿಕೊಂಡಿರುತ್ತಾರೆ ಅಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಸರ್ ಮುಖ. ಹದಿನೈದು ದಿನ ಬಾಡಿದ್ದ ಆ ಮುಖ ಅವತ್ತು ಎಷ್ಟು ಅರಳಿತ್ತೆಂದರೆ ಅದಕ್ಕೆ ಅಡ್ಡ ಮಾತಾಡಲು ನನಗೆ ಮನಸ್ಸಾಗಲಿಲ್ಲ. ದಾರಿಗೆ ಮುಳ್ಳು ಎಳೆದರು. ನಾವಿಬ್ಬರೂ ಬೇರೆ ಊರಿನ ಕೆಲಸಕ್ಕೆ ಹೋದೆವು.

ಜನ ಬೀಡು ಬಿಟ್ಟದ್ದು ಹಳ್ಳದ ದಂಡೆಯಲ್ಲಿ. ಮೇಲಿನ ಒಡ್ಡಿನ ಹಿಂದೆ ಮಳೆನೀರು ನಿಂತಿತ್ತು. ಊರಿನ ದನಗಳೆಲ್ಲ ಅದರಲ್ಲೇ ಇಳಿದವು, ಮಕ್ಕಳು ಅದರ ಸುತ್ತಲೇ ಹೊರಕಡೆಗೆ ಕೂತವು. ಅಡುಗೆಯ ನೀರೇನೋ ಕುದಿಯಿತು. ಬಿಸಿಲು ಏರಿದ ಮೇಲೆ ಕುಡಿಯುವುದಕ್ಕೆ ಅದೇ ನೀರನ್ನು ಸೆರಗಿನಲ್ಲಿ ಸೋಸಿ ಕುಡಿದರು. ಸೆರಗಿನಲ್ಲಿ ಸೋಸಿದರೆ ಹುಳ ನಿಲ್ಲುತ್ತದೆ. ವಾಂತಿಭೇದಿ ತರುವ ರೋಗಾಣು ಯಾವ ಬಟ್ಟೆಗೂ ನಿಲ್ಲುವುದಿಲ್ಲ.

ಗುರುವಾರ ಬೆಳಗ್ಗೆ ಆಶಾ ಕಾರ್ಯಕರ್ತೆಯ ಫೋನು ಬಂತು. ನಾವು ಹೋಗುವಷ್ಟರಲ್ಲಿ ಶಾಲೆಯ ಜಗಲಿ ತುಂಬಿತ್ತು. ಕಿಟಕಿಯ ಸರಳುಗಳಿಗೆ ಸಲೈನ್ ಬಾಟಲಿ ಕಟ್ಟಿದೆವು. ಸರ್ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ ಆರಿಸಿ ಓಆರ್‌ಎಸ್ ಕಲಸಿದರು. ಪೊಟ್ಟಣ ಮುಗಿದಾಗ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ, ಕಣ್ಣೀರಿಗಿಂತ ಹೆಚ್ಚು ಉಪ್ಪಾಗಬಾರದು ಎಂದು ತಾವೇ ನೆಕ್ಕಿ ನೋಡಿದರು. ವಾಂತಿಯಾಗುವವರಿಗೆ ಚಮಚ ಚಮಚವಾಗಿ, ಮಕ್ಕಳಿಗೆ ಜೊತೆಗೆ ಜಿಂಕ್ ಮಾತ್ರೆ. ತಾಯಂದಿರಿಗೆ ಹಾಲು ಬಿಡಿಸಬೇಡಿ ಎಂದರು, ಕೈ ಸೋಪು ಹಚ್ಚಿ ತೊಳೆಯಿರಿ ಎಂದರು. ಟ್ಯಾಂಕರಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಹಳ್ಳದ ದಾರಿಗೆ ಊರವರ ಮುಳ್ಳನ್ನೇ ಎಳೆಸಿದರು. ಮಧ್ಯಾಹ್ನದ ಹೊತ್ತಿಗೆ ಜನ ಎದ್ದು ಕೂರತೊಡಗಿದರು. ನಾನು ಆಗ ಕೇಳಿದೆ, ಕೊಟ್ರವ್ವ ಎಲ್ಲಿ?

ಅವಳು ಮನೆಯಲ್ಲಿದ್ದಳು. ಬುಧವಾರ ಸಂಜೆಯಿಂದ ಭೇದಿ. ಸೊಸೆಗೂ ಹೇಳಿರಲಿಲ್ಲ. ಹೊರಬೀಡು ಮುಗಿದ ಮೇಲೆ ಬೇನೆ ಬಂತೆಂದರೆ ಊರಮ್ಮನ ಮಾತು ಸುಳ್ಳಾಗುತ್ತದೆ, ನೀರು ಚೆಲ್ಲಿಸಿದ ಸಾಹೇಬನ ಮಾತೂ ಸುಳ್ಳಾಗುತ್ತದೆ ಎಂದು ಹಿತ್ತಲಿನ ಕೋಣೆಯಲ್ಲಿ ಮುದುಡಿ ಮಲಗಿದ್ದಳು. ಕಣ್ಣು ಒಳಗೆ ಹೋಗಿದ್ದವು. ಸರ್ ಅವಳ ಹೊಟ್ಟೆಯ ಮೇಲಿನ ಚರ್ಮ ಹಿಡಿದು ಬಿಟ್ಟರು, ಅದು ಹಾಗೇ ನಿಂತಿತು. ಚಮಚದಲ್ಲಿ ನೀರು ಹಾಕಿದರೆ ತುಟಿಯ ಬದಿಯಲ್ಲಿ ಇಳಿಯುತ್ತಿತ್ತು. ನನಗೆ ಸೂಜಿ ಚುಚ್ಚಲು ನರ ಸಿಗಲಿಲ್ಲ. ಎರಡೂ ಕೈ, ಎರಡೂ ಕಾಲು ನೋಡಿದೆ, ಸಿಗಲಿಲ್ಲ. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ಅವಳ ಉಸಿರು ನಿಂತಿತು.

ಆಸ್ಪತ್ರೆಯ ವರಾಂಡದಲ್ಲಿ ಸರ್ ಗೋಡೆಗೊರಗಿ ನಿಂತರು. ಆಮೇಲೆ ಹೇಳಿದರು, "ನಾನು ಹೇಳಿದ್ರ ಅರ್ಧ ಮಾಡ್ತಿದ್ರು ತಂಗಿ. ಊರಮ್ಮನ ಬಾಯಿಲೆ ಹೇಳ್ಸಿದೆ. ಪೂರಾ ಮಾಡಿದ್ರು."

ಮಂಗಳವಾರ ನನ್ನ ತಲೆಗೆ ಬಂದದ್ದನ್ನು ಆಗಲೇ ಹೇಳಬೇಕೆನಿಸಿತು. ಹೇಳದೆ ಕಾಗದಪತ್ರ ಬರೆಯಲು ಒಳಗೆ ಹೋದೆ.

ಆ ವರ್ಷ ಆ ಊರಲ್ಲಿ ಮತ್ತೆ ಡೆಂಗ್ಯೂ ಕಾಣಲಿಲ್ಲ. ಸರ್ ಹಾಕಿದ ಲೆಕ್ಕ ಅಷ್ಟರ ಮಟ್ಟಿಗೆ ಸರಿಯಾಗಿತ್ತು. ಯಾರಾದರೂ ಅದನ್ನು ಹೊಗಳಿದರೆ ಅವರು ಎದ್ದು ಹೋಗುತ್ತಿದ್ದರು.

ಕೊಟ್ರವ್ವನ ದಿನಕರ್ಮದ ಊಟಕ್ಕೆ ಹೋದಾಗ ಕೂತ ಮಂದಿಯ ಮುಂದೆ ಅವಳ ಮಗನಿಗೆ ಕೈಮುಗಿದರು. "ನಿಮ್ಮ ಅವ್ವ ಸತ್ತಿದ್ದು ನನ್ನ ತಪ್ಪಿಲೆ. ನೀರು ಚೆಲ್ಲಸಂದವ ನಾನು. ಕುಡಿಯಾಕ ಇಟ್ಕೊಳ್ರಿ ಅನ್ನಲಿಲ್ಲ," ಎಂದರು.

ಮಗ ಅವರ ಕೈ ಹಿಡಿದುಕೊಂಡ. "ಹಂಗ್ಯಾಕ ಅಂತೀರಿ ಸಾಹೇಬ್ರ? ವಯಸ್ಸಾಗಿತ್ತು. ಊರಮ್ಮ ಕರಕೊಂಡ್ಲು ಬಿಡ್ರಿ. ನೀವು ಊಟ ಮಾಡ್ರಿ."

ಪೂಜಾರಿಯ ಹತ್ತಿರ ಹೋದರು. ಅವನೂ, ನಿಮ್ಮದೇನೈತ್ರಿ, ನಮ್ಮ ಸೇವಾದಾಗ ಕೊರತಿ ಬಿತ್ತು ಎಂದ. ಮೇಲಧಿಕಾರಿಗೆ ಕೊಟ್ಟ ವರದಿಯಲ್ಲಿ "ನನ್ನ ಅಪೂರ್ಣ ಸೂಚನೆಯಿಂದಾಗಿ" ಎಂದು ಬರೆದಿದ್ದರು. ಆ ಅಧಿಕಾರಿ ಒಳ್ಳೆಯವರು, ಆ ಸಾಲಿನ ಮೇಲೆ ಗೆರೆ ಎಳೆದು, "ಇವೆಲ್ಲ ಬರೀಬಾರದ್ರಿ, ಕಲುಷಿತ ನೀರು ಅಂತ ಬರೀರಿ ಸಾಕು, ರಿಟೈರ್ ಆಗೋ ಟೈಮಿನ್ಯಾಗ ಯಾಕ ಬೇಕು," ಎಂದು ಬೆನ್ನು ತಟ್ಟಿ ಕಳಿಸಿದರು. ಸರ್ ಮನೆಮನೆಗೆ ಹೋಗಿ ಅದೇ ಮಾತು ಹೇಳಿದರು. ಎಲ್ಲರೂ ಚಹಾ ಕೊಟ್ಟರು. ಕೊನೆಕೊನೆಗೆ ಸಾಹೇಬರಿಗೆ ತಲೆ ಸರಿಯಿಲ್ಲ ಎಂದು ಮರುಕಪಡತೊಡಗಿದರು. ಬೈದಿದ್ದರೆ, ಎರಡು ಏಟು ಹಾಕಿದ್ದರೆ ಅವರು ನೆಟ್ಟಗಾಗುತ್ತಿದ್ದರೇನೋ. ಒಬ್ಬರೂ ಬೈಯಲಿಲ್ಲ.

ಅಲ್ಲಿಂದ ಅವರ ಮಾತಿನ ಚೌಕಾಸಿ ನಿಂತುಹೋಯಿತು. ಎಷ್ಟು ಬೇಕೋ ಅಷ್ಟೇ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ, "ನಾ ಏನಂದೆ, ಒಂದು ಸಲ ನೀನು ಹೇಳವ್ವ," ಎನ್ನುತ್ತಿದ್ದರು. ಮನೆಯವರು ತಿರುಗಿ ಹೇಳುವವರೆಗೆ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. ಏನು ಬಿಟ್ಟುಹೋಯಿತು, ಏನು ಹೆಚ್ಚಾಯಿತು ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಆ ಕೆಲಸ ನಾನೂ ಕಲಿತೆ. ನನ್ನ ಉಪಕೇಂದ್ರದಲ್ಲಿ ಈಗಲೂ ಮಾತ್ರೆ ತಗೊಂಡವರು ತಿರುಗಿ ಹೇಳದೆ ಹೋಗುವಂತಿಲ್ಲ. ನನಗೆ ಗಂಡ ಸಹಿತ ಬೈಯುತ್ತಾನೆ, ಮನೆ ಸಾಮಾನು ತರಲು ಹೇಳಿದಾಗಲೂ ಹೀಗೇ ಮಾಡುತ್ತೀಯೆಂದು.

ಮರುವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಪೇಟ ಎಲ್ಲ ಆದ ಮೇಲೆ ಮೈಕ್ ಕೊಟ್ಟರು. ಅವರು ಕೊಟ್ರವ್ವನ ಹೆಸರು ಹೇಳಿ ಶುರು ಮಾಡಿದರು. ನಾಲ್ಕು ವಾಕ್ಯ ಆಗುವಷ್ಟರಲ್ಲಿ ನಿರೂಪಣೆ ಮಾಡುವವರು, ಸಾಹೇಬರು ಬಹಳ ಭಾವುಕರಾಗಿದ್ದಾರೆ ಎಂದು ಮೈಕ್ ತೆಗೆದುಕೊಂಡರು. ನಾವೆಲ್ಲ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ.

ಈ ವರ್ಷ ಎದೆನೋವು ಬಂದು ದಾವಣಗೆರೆಯಲ್ಲಿ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆಂದು ತಿಳಿದು ನೋಡಲು ಹೋದೆ. ಇನ್ನು ಒಳಗೆ ಇಟ್ಟುಕೊಳ್ಳಲು ಆಗುವುದಿಲ್ಲ, ಹೇಳಿಬಿಡುತ್ತೇನೆ ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಅವರು ಮಂಚದ ಮೇಲೆ ದಿಂಬಿಗೊರಗಿದ್ದರು. ಹೆಂಡತಿ ಚಹಾ ಮಾಡಲು ಒಳಗೆ ಹೋದರು. ನಾನು ಎಲ್ಲವನ್ನೂ ಹೇಳಿದೆ. ಕೊಟ್ರವ್ವ ಕೊಡ ಬೋರಲು ಹಿಡಿದದ್ದು, ನನಗೆ ಆ ಯೋಚನೆ ಬಂದದ್ದು, ನಾನು ಸುಮ್ಮನಿದ್ದದ್ದು.

ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಇರಲಿ ಬಿಡು ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಅನ್ನಲಿಲ್ಲ.

"ಅವತ್ತೇ ಹೇಳಬೇಕಿತ್ತು ನೀನು," ಎಂದರು.

"ಹೌದು ಸರ್."

"ಹೇಳಿದ್ರ ಟ್ಯಾಂಕರ್ ತರಸ್ತಿದ್ದೆ."

"ಹೌದು ಸರ್."

"ಆ ಮುದುಕಿ ಉಳೀತಿದ್ಲು."

"ಹೌದು ಸರ್."

ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ನಾನು ಅತ್ತುಬಿಟ್ಟೆ. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ತಪ್ಪಿತಸ್ಥಳೆಂದದ್ದು ಅದೊಂದೇ ಸಲ. ಅಳುತ್ತಿದ್ದಂತೆಯೇ ಎದೆಯ ಭಾರ ಅರ್ಧ ಇಳಿದಂತಾಯಿತು. ಅವರು ನನ್ನ ಅಳು ನಿಲ್ಲುವವರೆಗೆ ಕಾದರು.

"ಈಗ ನಂದು ಹೇಳು ತಂಗಿ," ಎಂದರು. "ಯಾರೂ ಹೇಳವಲ್ರು."

ನಾನು ಬಾಯಿ ತೆರೆದೆ. ಅಂಗಿಯ ಗುಂಡಿಗಳ ನಡುವೆ ಹೊಲಿಗೆಯ ಗಾಯ ಕಾಣುತ್ತಿತ್ತು. ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಊರವರ ಮಾತೇ.

"ಇರ್ಲಿ ಬಿಡ್ರಿ ಸರ್, ಆಗಿದ್ದಾತು. ನೀವು ಮೊದ್ಲು ಆರಾಮಾಗ್ರಿ."

ಅವರು ಹೂಂ ಎಂದು ತಲೆಯಾಡಿಸಿ ಚಹಾ ಕಡೆಗೆ ಕೈ ಚಾಚಿದರು. ಮತ್ತೆ ಆ ಮಾತು ಎತ್ತಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ.

ಮೊನ್ನೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ದೇವರಂಥ ಮನುಷ್ಯ ಎಂದರು. ನನ್ನ ಸರದಿ ಬಂದಾಗ ನಾನೂ ಮಣ್ಣು ಹಾಕಿದೆ. ಕೇಳಿದಾಗ ಕೊಡದೇ ಹೋದದ್ದನ್ನು ಈಗ ಯಾರಿಗೆ ಕೊಡಲಿ? ಆದರೂ ಬರೆಯುತ್ತೇನೆ, ಅವರು ಕೇಳಿದ್ದು ಇದೊಂದನ್ನೇ.

ಹೌದು ಸರ್, ತಪ್ಪು ನಿಮ್ಮದೂ ಇತ್ತು. ಕುಡಿಯೋಕೆ ಒಂದು ಕೊಡ ನೀರು ಇಟ್ಕೊಂಡು ಹೋಗ್ರಿ ಅಂತ ನೀವು ಹೇಳಬೇಕಿತ್ತು.